ಡ್ರಿಲ್ ಇದ್ದರೆ ಸ್ಕ್ರೂ ಡ್ರೈವರ್ ಬೇಡವೆ?

ಮನೆಗೆ 3.6 ವೋಲ್ಟ್‌ನ ಸಣ್ಣ ಬ್ಯಾಟರಿ ಸ್ಕ್ರೂ ಡ್ರೈವರ್ ಸಾಕು, ಅದರಲ್ಲಿ ಕ್ಲಚ್ ಇದೆಯೇ ಎಂದಷ್ಟೇ ನೋಡಿ ಎಂದಿದ್ದೆ. ಅಷ್ಟಕ್ಕೇ ವಿದುರಾಶ್ವತ್ಥದಿಂದ ಗೌರಿಬಿದನೂರಿನವರೆಗೆ ತಕರಾರು ಎದ್ದಿದೆ. ಎತ್ತಿದವರಲ್ಲಿ ಕೆಲಸ ಬಲ್ಲವರೂ ಇದ್ದಾರೆ, ಆದ್ದರಿಂದ ಉತ್ತರ ಕೊಡದೆ ವಿಧಿಯಿಲ್ಲ.

"ಕೈಯಲ್ಲಿ ತಿರುಗಿಸುವುದು ಇರುವಾಗ ಈ ಆಟದ ಸಾಮಾನು ಯಾಕೆ ಸ್ವಾಮಿ?" ಎಂಬುದು ಮೊದಲನೆಯದು. ವರ್ಷಕ್ಕೆ ನಾಲ್ಕು ಸ್ಕ್ರೂ ಬಿಗಿಯುವ ಮನೆಗೆ ಬೇಡವೇ ಬೇಡ. ಆದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕುವವರ ಮನೆ ಎಂದರೆ ಪಕ್ಕದ ಹುಳು ಶೆಡ್ಡೂ ಸೇರಿಯೇ. ಊಜಿ ನೊಣ ನುಗ್ಗದಂತೆ ಅಲ್ಲಿ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ. ಪರದೆಯ ಅಂಚಿಗೆ ಮರದ ಪಟ್ಟಿ ಕೊಟ್ಟು ಗೇಣಿಗೊಂದು ಸ್ಕ್ರೂ ಹಾಕಬೇಕು. ಹರಿದಾಗ, ತೊಳೆಯಲು ತೆಗೆದಾಗ ಅಷ್ಟನ್ನೂ ಬಿಚ್ಚಬೇಕು. ಏಣಿ ಹತ್ತಿ ಒಂದು ಕೈಯಲ್ಲಿ ಪಟ್ಟಿ ಒತ್ತಿ ಹಿಡಿದು ಇನ್ನೊಂದರಲ್ಲಿ ತಿರುಗಿಸಿ ನೋಡಿ, ಹತ್ತನೇ ಸ್ಕ್ರೂಗೆ ಮುಂಗೈ ಸೋಲುತ್ತದೆ. ಆಟದ ಸಾಮಾನು ಎಂದವರು ಈ ಕೆಲಸವನ್ನು ಆಳಿಗೆ ಬಿಟ್ಟವರೇ ಇರಬೇಕು. ಹಾಗಂತ ಹಳೆಯದನ್ನು ಎಸೆಯಿರಿ ಎಂದು ನಾನೆಲ್ಲೂ ಹೇಳಿಲ್ಲ. ಬ್ಲೀಚಿಂಗ್ ಪುಡಿ ತಾಗಿ ತುಕ್ಕು ಹಿಡಿದ ಸ್ಕ್ರೂವನ್ನು ಮೊದಲ ಕಾಲು ಸುತ್ತು ಕೈಯಲ್ಲೇ ಸಡಿಲಿಸಬೇಕು.

"ಡ್ರಿಲ್ ಮಿಷನ್‌ಗೇ ಬಿಟ್ ಹಾಕಿದರಾಯಿತು" ಎಂಬ ಎರಡನೆಯ ಮಾತಿಗೆ ಬೆಂಬಲ ಜಾಸ್ತಿ, ಹಾಳಾಗುವ ಸಾಮಾನೂ ಜಾಸ್ತಿ. ಮನೆಗಳಲ್ಲಿರುವ ವೈರಿನ ಡ್ರಿಲ್ ನಿಮಿಷಕ್ಕೆ ಎರಡೂವರೆ, ಮೂರು ಸಾವಿರ ಸುತ್ತು ಓಡುವಂಥದ್ದು. ಈ ಸಣ್ಣದು ಓಡುವುದು ಇನ್ನೂರರಿಂದ ಮುನ್ನೂರೈವತ್ತು ಚಿಲ್ಲರೆ. ಸ್ಕ್ರೂ ಕೂತ ಮೇಲೆ ಬೆರಳು ತೆಗೆಯುವಷ್ಟರಲ್ಲಿ ಡ್ರಿಲ್ ಇನ್ನೂ ಹಲವು ಸುತ್ತು ಹಾಕಿರುತ್ತದೆ. ಅದರಲ್ಲಿ ಕ್ಲಚ್ಚೂ ಇರುವುದಿಲ್ಲ. ಗೋಡೆಗೆ ತೂತು ಹೊಡೆಯಲು ಅದೇ ಬೇಕು, ನಿಜ. ಕರೆಂಟು ಹೋದಾಗ ಅದನ್ನೇನು ಮಾಡುತ್ತೀರಿ ಎಂದು ಬೇರೆ ಕೇಳುವುದಿಲ್ಲ.

ಮೂರನೆಯವರು ಬಲದ ಭಕ್ತರು: "ಕೊಳ್ಳುವುದೇ ಆದರೆ 12 ವೋಲ್ಟ್‌ದು ತಗೊಳ್ಳಿ, ಇಂಪ್ಯಾಕ್ಟ್ ತಗೊಳ್ಳಿ." ಲೆಕ್ಕ ಹಾಕೋಣ. ಒಳ್ಳೆಯ 3.6 ವೋಲ್ಟ್ ಉಪಕರಣದ ತಿರುಚು ಬಲ ಸುಮಾರು 5 ನ್ಯೂಟನ್ ಮೀಟರ್. ಒಂದು ಮೀಟರ್ ಸಲಾಕೆಯ ತುದಿಗೆ ಅರ್ಧ ಕಿಲೋ ಬೆಲ್ಲ ತೂಗುಹಾಕಿದರೆ ಬುಡದಲ್ಲಿ ಬೀಳುವಷ್ಟು. ಸ್ವಿಚ್ಚಿನೊಳಗೆ ವೈರ್ ಹಿಡಿಯುವ ಸಣ್ಣ ಸ್ಕ್ರೂಗೆ 1 ನ್ಯೂಟನ್ ಮೀಟರ್ ಆಸುಪಾಸು ಸಾಕು. ಅಂದರೆ ಈ ಸಣ್ಣದೇ ಅದಕ್ಕೆ ಹೆಚ್ಚು! ಕ್ಲಚ್ ನೋಡಿ ಎಂದದ್ದು ಅದಕ್ಕೇ. ಚಿಕ್ಕ ಅಂಕಿಗೆ ತಿರುಗಿಸಿಟ್ಟರೆ ಬಿಗಿಯಾದ ಕೂಡಲೇ ಟಕಟಕ ಎಂದು ಬಿಟ್ಟುಕೊಡುತ್ತದೆ, ಪ್ಲೇಟು ಬಿರಿಯುವುದಿಲ್ಲ. (ಮೇನ್ ಆಫ್ ಮಾಡಿಯೇ ಬೋರ್ಡು ಮುಟ್ಟಿ. ಹಿಡಿ ಪ್ಲಾಸ್ಟಿಕ್ಕಾದರೂ ಮೂತಿ ಲೋಹದ್ದು.) ಬೇವಿನ ಚೌಕಟ್ಟಿಗೆ ಎರಡಿಂಚಿನ ಸ್ಕ್ರೂ ಇಳಿಸಲು ಇದರ ಶಕ್ತಿ ಸಾಲದು, ಮೊದಲು ಸಣ್ಣ ತೂತು ಹಾಕಿಕೊಳ್ಳಬೇಕು. ದಿನವಿಡೀ ಅದೇ ಕೆಲಸ ಮಾಡುವ ಬಡಗಿ ಇಂಪ್ಯಾಕ್ಟ್ ಕೊಳ್ಳಲಿ, ಬೇಡವೆಂದವರು ಯಾರು?

"ಸ್ಕ್ರೂ ತಲೆ ಸವೆಯುತ್ತದೆ" ಎಂಬ ದೂರು ಬಿಟ್ಟಿನ ಮೇಲೆ ಹಾಕಬೇಕಾದದ್ದು. ಮನೆಯ ಸ್ಟಾರ್ ಸ್ಕ್ರೂಗಳಲ್ಲಿ ಹೆಚ್ಚಿನವಕ್ಕೆ 2ನೇ ನಂಬರಿನ ಬಿಟ್. ನಾವು ಹಾಕುವುದು ಡಬ್ಬಿಯಲ್ಲಿ ಕೈಗೆ ಮೊದಲು ಸಿಕ್ಕಿದ್ದು.

ಉಳಿದದ್ದು ಬ್ಯಾಟರಿ. "ಎರಡು ವರ್ಷಕ್ಕೆ ಸಾಯುತ್ತದೆ" ಎನ್ನುತ್ತಾರೆ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಶೀಟಿನ ಮಾಡಿನ ಕೆಳಗೆ ಬೇಸಿಗೆಯಲ್ಲಿ ಬೇಯಲು ಬಿಟ್ಟರೆ ಅದಕ್ಕೂ ಮೊದಲೇ ಸತ್ತೀತು. ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಿ. ಆದರೂ ಈ ಆಕ್ಷೇಪದಲ್ಲಿ ಹುರುಳಿದೆ. ಸಣ್ಣ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿ ಒಳಗೇ ಕೂತಿರುತ್ತದೆ, ಬದಲಿಸುವುದು ರಗಳೆ. ಮೊಬೈಲ್ ಚಾರ್ಜರ್ ಹೊಂದುವಂಥದ್ದನ್ನೇ ಆರಿಸಿ, ವಾರಂಟಿ ಚೀಟಿಗೆ ಮೊಹರು, ತಾರೀಕು ಹಾಕಿಸದೆ ಅಂಗಡಿ ಬಿಟ್ಟು ಕದಲಬೇಡಿ.