ಅತಿಥಿಗೆ ದೂರ ಹೇಳುವ ಧರ್ಮ

ಕೊಡಗಿನಲ್ಲಿ ಹೋಂಸ್ಟೇ ಇಲ್ಲದ ಊರು ಈಗ ಅಪರೂಪ. ಕಾಫಿ ತೋಟದ ನಡುವಿನ ಹಳೆಯ ಮನೆಯಲ್ಲಿ ಎರಡು ಕೋಣೆಗಳಿಗೆ ಸುಣ್ಣ ಬಣ್ಣ ಮಾಡಿಸಿ ಪ್ರವಾಸಿಗಳಿಗೆ ಬಿಟ್ಟುಕೊಡುವವರಿಂದ ಹಿಡಿದು, ಅದನ್ನೇ ಮುಖ್ಯ ವೃತ್ತಿ ಮಾಡಿಕೊಂಡವರವರೆಗೆ ಬಗೆಬಗೆಯ ಆತಿಥೇಯರಿದ್ದಾರೆ. ಕಾಫಿ, ಕರಿಮೆಣಸುಗಳ ಬೆಲೆ ಏರಿಳಿಯುವ ನಾಡಿನಲ್ಲಿ ಈ ಆದಾಯ ಅನೇಕ ಕುಟುಂಬಗಳಿಗೆ ಆಸರೆಯಾಗಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅವರ ಊಟೋಪಚಾರವನ್ನಾಗಲಿ ಆದರವನ್ನಾಗಲಿ ಟೀಕಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಒಂದು ಕರ್ತವ್ಯವನ್ನು ಅವರಲ್ಲಿ ಹಲವರು ಮರೆತಿದ್ದಾರೆ. ಬಂದವರಿಗೆ ದಾರಿಯ ದೂರವನ್ನು ಇದ್ದಂತೆ ತಿಳಿಸುವುದೇ ಆ ಕರ್ತವ್ಯ. ಈ ಮರೆವಿನ ಬೆಲೆಯನ್ನು ಅತಿಥಿಗಳು ಮಾತ್ರವಲ್ಲದೆ, ರಸ್ತೆಯ ಅಂಚಿನಲ್ಲಿ ನಡೆಯುವ ನಮ್ಮ ಜನರೂ ತೆರಬೇಕಾಗಿದೆ.

ಪ್ರವಾಸಿಗಳು ಹೊರಡುವ ಮೊದಲು ಕೇಳುವ ಪ್ರಶ್ನೆ ಒಂದೇ: "ಅಲ್ಲಿಂದ ಎಲ್ಲವೂ ಹತ್ತಿರ ತಾನೆ?" ಇದಕ್ಕೆ ಸಿಕ್ಕುವ ಉತ್ತರವೂ ಸಾಮಾನ್ಯವಾಗಿ ಒಂದೇ: "ಎಲ್ಲಾ ಇಲ್ಲೇ ಹತ್ತಿರ, ಬನ್ನಿ." ಹೀಗೆ ಹೇಳುವವರೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ. ದಿನವೂ ಐದಾರು ಕಿಲೋಮೀಟರು ಏರಿ ಇಳಿದು ಅಭ್ಯಾಸವಾದವನಿಗೆ ಅದು ನಿಜವಾಗಿಯೂ ಹತ್ತಿರವೇ. ಆದರೆ ಖಾಲಿ ಕೋಣೆ ತುಂಬಲೆಂದು ದೂರವನ್ನು ಬೇಕೆಂದೇ ಕಿರಿದು ಮಾಡಿ ಹೇಳುವವರೂ ಇದ್ದಾರೆ. ಅಭ್ಯಾಸದ ಮಾತಾಗಲಿ, ಆಸೆಯ ಮಾತಾಗಲಿ, ಕೇಳಿ ನಂಬಿದವನಿಗೆ ಆಗುವ ಕಷ್ಟ ಒಂದೇ.

ಆ ಕಷ್ಟ ಎಂತಹುದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕೊಡಗಿನಲ್ಲಿ ರೈಲು ಮಾರ್ಗವಿಲ್ಲ. ಬೆಂಗಳೂರಿನವರು ಹೆಚ್ಚಾಗಿ ತಮ್ಮ ಕಾರಿನಲ್ಲೇ ಬರುತ್ತಾರೆ. ೨೦೨೩ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ೧೧೮ ಕಿಲೋಮೀಟರನ್ನು ಸುಮಾರು ಒಂದೂವರೆ ಗಂಟೆಯಲ್ಲಿ ದಾಟುವುದು ಅವರಿಗೆ ರೂಢಿಯಾಗಿದೆ. ಮಡಿಕೇರಿಯಿಂದ ತಲಕಾವೇರಿಗೆ ಸುಮಾರು ೪೮ ಕಿಲೋಮೀಟರು. ಹೆದ್ದಾರಿಯ ಲೆಕ್ಕದಲ್ಲಿ ಇದಕ್ಕೆ ಮುಕ್ಕಾಲು ಗಂಟೆಯೂ ಬೇಡ. ನಮ್ಮ ತಿರುವುಗಳಲ್ಲಿ ಒಂದೂವರೆ ಗಂಟೆಯಾದರೂ ಬೇಕು. ಮಳೆ ಮಂಜುಗಳಿದ್ದರೆ ಇನ್ನೂ ಹೆಚ್ಚು.

ಒಂದೇ ದಿನದಲ್ಲಿ ತಲಕಾವೇರಿಯನ್ನೂ, ಕುಶಾಲನಗರದ ಕಡೆಯ ಕಾವೇರಿ ನಿಸರ್ಗಧಾಮವನ್ನೂ, ಇರ್ಪು ಜಲಪಾತವನ್ನೂ ನೋಡಿಬಿಡುತ್ತೇವೆಂದು ಹೊರಡುವವರು ಕಡಿಮೆಯಿಲ್ಲ. ತಲಕಾವೇರಿ ಪಶ್ಚಿಮಕ್ಕಿದೆ, ಕುಶಾಲನಗರ ಪೂರ್ವಕ್ಕೆ, ಇರ್ಪು ದಕ್ಷಿಣದ ತುದಿಯಲ್ಲಿ. ಮಡಿಕೇರಿಯನ್ನು ಕೇಂದ್ರವಾಗಿಟ್ಟುಕೊಂಡರೆ ತಲಕಾವೇರಿಗೆ ಹೋಗಿ ಬರಲು ೯೬, ಕುಶಾಲನಗರಕ್ಕೆ ೬೦, ಇರ್ಪುವಿಗೆ ೧೬೦ ಕಿಲೋಮೀಟರು. ಒಟ್ಟು ೩೦೦ನ್ನು ಮೀರಿತು. ಗಂಟೆಗೆ ೩೫ ಕಿಲೋಮೀಟರಿನಂತೆ ಸಾಗಿದರೂ ಒಂಬತ್ತು ಗಂಟೆ ಕಾರಿನಲ್ಲೇ ಕಳೆಯಿತು. ಇನ್ನು ನೋಡುವುದು ಯಾವಾಗ, ಉಣ್ಣುವುದು ಯಾವಾಗ? ಇಷ್ಟು ಕೂಡಿಸಿ ಹೇಳಲು ಪ್ರಾಥಮಿಕ ಶಾಲೆಯ ಗಣಿತ ಸಾಕು. ಆದರೂ ಹೇಳುವವರಿಲ್ಲ.

"ಈಗ ಎಲ್ಲರ ಕೈಯಲ್ಲೂ ಫೋನಿದೆ, ಅದರಲ್ಲಿ ನಕ್ಷೆಯಿದೆ, ನಾವು ಹೇಳಬೇಕಾದುದೇನು?" ಎಂದು ಕೆಲವರು ಕೇಳಬಹುದು. ನಕ್ಷೆಯ ಉಪಕಾರವನ್ನು ನಾನು ಒಪ್ಪುತ್ತೇನೆ. ಆದರೆ ಅದನ್ನು ನೋಡಬೇಕೆಂದರೆ ಸಿಗ್ನಲ್ ಬೇಕು. ನಮ್ಮ ಎಷ್ಟೋ ತೋಟಗಳ ತಗ್ಗಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಮೇಲಾಗಿ ಊರಿನವರಿಗೆ ಗೊತ್ತಿರುವುದೆಲ್ಲ ನಕ್ಷೆಗೆ ಗೊತ್ತಿರುವುದಿಲ್ಲ. ದುಬಾರೆಯಲ್ಲಿ ಆನೆಗಳ ಸ್ನಾನ ನೋಡಬೇಕಾದರೆ ಬೆಳಿಗ್ಗೆಯೇ ಅಲ್ಲಿರಬೇಕು. ಹೊಳೆ ತುಂಬಿದಾಗ ದೋಣಿ ನಿಲ್ಲುತ್ತದೆ. ನಾಗರಹೊಳೆಯ ಕಾಡಿನ ರಸ್ತೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಆರೂಕಾಲಿಗೆ ಗೇಟಿನ ಮುಂದೆ ನಿಂತವನು ದೂರದ ಸುತ್ತು ದಾರಿ ಹಿಡಿಯಬೇಕು. ಅಕ್ಟೋಬರದ ತುಲಾಸಂಕ್ರಮಣದಲ್ಲಿ ತೀರ್ಥೋದ್ಭವಕ್ಕೆ ಬರುವ ಭಕ್ತರಿಂದ ಭಾಗಮಂಡಲದ ದಾರಿ ಕಿಕ್ಕಿರಿಯುತ್ತದೆ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳು ಹೊರಟರೆ ಪೇಟೆಯಲ್ಲಿ ಕಾರು ಓಡಿಸುವ ಮಾತೇ ಇಲ್ಲ. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಮಂಗಳೂರು ರಸ್ತೆ ವಾರಗಟ್ಟಲೆ ಮುಚ್ಚಿದ್ದನ್ನು ನಾವಾರೂ ಮರೆತಿಲ್ಲ. ಜೂನಿನಿಂದ ಸೆಪ್ಟೆಂಬರವರೆಗೆ ಯಾವ ದಾರಿ ನಂಬಿಕೆಗೆ ಯೋಗ್ಯವೆಂಬುದನ್ನು ಇಲ್ಲಿ ವಾಸಿಸುವವನೇ ಹೇಳಬೇಕು.

ನಮ್ಮ ಹಿರಿಯರು ದೂರವನ್ನು ಹೇಳುತ್ತಿದ್ದ ಬಗೆಯನ್ನು ಇಲ್ಲಿ ನೆನೆಯಬಹುದು. ಕೂಗಿದರೆ ಕೇಳುವಷ್ಟಾದರೆ ಕೂಗಳತೆ. ಸುಮಾರು ಮೂರು ಮೈಲಿಯಾದರೆ ಹರದಾರಿ. ಅದಕ್ಕೂ ಮೇಲಾದರೆ ಗಾವುದ. ಇವು ಕರಾರುವಾಕ್ಕಾದ ಅಳತೆಗಳಲ್ಲ. ೧೯೫೬ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂದು, ಮುಂದೆ ಮೈಲಿಗಲ್ಲುಗಳ ಮೇಲೆ ಕಿಲೋಮೀಟರು ಮೂಡಿದ್ದು ಒಳ್ಳೆಯದೇ ಆಯಿತು. ಆದರೆ ಹಳೆಯ ಕಾಲದವರು "ಈಗ ಹೊರಟರೆ ಹೊತ್ತು ಮುಳುಗುವುದರೊಳಗೆ ಮುಟ್ಟುತ್ತೀರಿ, ತಡಮಾಡಿದರೆ ಇಲ್ಲೇ ಉಳಿದುಕೊಳ್ಳಿ" ಎಂದು ಹೇಳಿದಾಗ ಆ ಮಾತಿನಲ್ಲಿ ದಾರಿಯ ಏರುತಗ್ಗು, ಹೊಳೆ, ಕಾಡು, ಕತ್ತಲೆ ಎಲ್ಲವೂ ಸೇರಿರುತ್ತಿದ್ದವು. ನಾವು ಸಂಖ್ಯೆಯನ್ನು ಇಟ್ಟುಕೊಂಡು ಆ ವಿವೇಕವನ್ನು ಬಿಟ್ಟಿದ್ದೇವೆ.

ಈಗ ರಸ್ತೆಯ ಪಕ್ಕದ ಜನರ ಮಾತಿಗೆ ಬರುತ್ತೇನೆ. ತಲಕಾವೇರಿಯಲ್ಲಿ ಸಂಜೆ ಐದಾಗಿದೆ. ರಾತ್ರಿ ಮೈಸೂರಿನಲ್ಲಿ ರೈಲು ಹಿಡಿಯಬೇಕು. ಎದುರಿಗೆ ೧೬೦ ಕಿಲೋಮೀಟರಿಗೂ ಹೆಚ್ಚಿನ ದಾರಿ. ಬೆಳಿಗ್ಗೆ "ಹತ್ತಿರ" ಎಂಬ ಮಾತನ್ನು ನಂಬಿ ನಿಧಾನವಾಗಿ ಹೊರಟವರು ಸಂಜೆ ಆ ಹೊತ್ತನ್ನೆಲ್ಲ ವೇಗದಿಂದ ತುಂಬಿಸಿಕೊಳ್ಳಲು ನೋಡುತ್ತಾರೆ. ಅದೇ ಹೊತ್ತಿಗೆ ತೋಟದ ಕೆಲಸ ಬಿಟ್ಟ ಹೆಂಗಸರು ಸೌದೆಯ ಹೊರೆ ಹೊತ್ತು ಅದೇ ರಸ್ತೆಯಲ್ಲಿ ಮನೆಗೆ ಮರಳುತ್ತಿರುತ್ತಾರೆ. ಬಸ್ಸಿಳಿದ ಶಾಲೆಯ ಮಕ್ಕಳೂ ಅಲ್ಲೇ. ಪಕ್ಕಕ್ಕೆ ಸರಿಯೋಣವೆಂದರೆ ಒಂದು ಕಡೆ ಬರೆ, ಇನ್ನೊಂದು ಕಡೆ ಚರಂಡಿ. ಕಾಲುದಾರಿ ಎಂಬುದೇ ಇಲ್ಲ. ಕತ್ತಲಾಗುತ್ತಲೇ ತೋಟದಿಂದ ತೋಟಕ್ಕೆ ದಾಟುವ ಆನೆಗಳ ಭಯ ಬೇರೆ. ನನ್ನ ತಾಯಿಯೂ ಆ ಸಾಲಿನಲ್ಲಿ ನಡೆದು ಬರುವವರಲ್ಲಿ ಒಬ್ಬಳು. ಆದುದರಿಂದ ಈ ವಿಷಯ ನನಗೆ ಪ್ರವಾಸಿಗಳ ಸುಖದುಃಖದ ವಿಷಯವಷ್ಟೇ ಆಗಿ ಕಾಣುವುದಿಲ್ಲ.

ನಿಜವನ್ನು ಹೇಳಿದರೆ ಅತಿಥಿಗಳು ಬರುವುದಿಲ್ಲವೆಂಬ ಅಂಜಿಕೆ ಕೆಲವರಲ್ಲಿದೆ. ಇದಕ್ಕೆ ಆಧಾರವಿಲ್ಲ. ಪಟ್ಟಣದ ಗದ್ದಲದಿಂದ ದೂರವಿರಬೇಕೆಂದೇ ಅವರು ಇಲ್ಲಿಗೆ ಬರುವುದು. ಆ ದೂರವನ್ನೇ ಮುಚ್ಚಿಡುವುದು ವಿಚಿತ್ರ. ಒಂದು ದಿನಕ್ಕೆ ಒಂದೇ ದಿಕ್ಕು ಎಂದು ತಿಳಿಯಹೇಳಿದರೆ ಭಾಗಮಂಡಲ, ತಲಕಾವೇರಿಗಳಿಗೆ ಒಂದು ದಿನ. ದುಬಾರೆ, ನಿಸರ್ಗಧಾಮ, ಬೈಲಕುಪ್ಪೆಗಳಿಗೆ ಒಂದು ದಿನ. ಇರ್ಪು, ನಾಗರಹೊಳೆಗಳಿಗೆ ಮತ್ತೊಂದು. ಎರಡು ದಿನಕ್ಕೆಂದು ಬಂದವನು ಮೂರನೆಯ ದಿನವೂ ಉಳಿದಾನು. ಅದು ಆತಿಥೇಯನಿಗೇ ಲಾಭ. ಸುಳ್ಳು ನಂಬಿ ಬಂದು ಎರಡು ದಿನವೂ ಕಾರಿನಲ್ಲೇ ಕುಳಿತು ಬೇಸತ್ತವನಾದರೋ ಊರಿಗೆ ಹೋಗಿ ಒಂದು ಮನೆಯನ್ನಲ್ಲ, ಇಡೀ ಜಿಲ್ಲೆಯನ್ನೇ ಬಯ್ಯುತ್ತಾನೆ.

ಮಾಡಬೇಕಾದುದು ದೊಡ್ಡ ಕೆಲಸವೇನಲ್ಲ. ಪ್ರತಿಯೊಂದು ಹೋಂಸ್ಟೇಯಲ್ಲೂ ಒಂದು ಹಾಳೆ ಇರಲಿ. ಆ ಮನೆಯಿಂದ ಪ್ರತಿಯೊಂದು ಸ್ಥಳಕ್ಕೆ ಎಷ್ಟು ಕಿಲೋಮೀಟರು, ಬೇಸಗೆಯಲ್ಲಿ ಎಷ್ಟು ಹೊತ್ತು, ಮಳೆಗಾಲದಲ್ಲಿ ಎಷ್ಟು ಹೊತ್ತು, ಕಾಡಿನ ಗೇಟು ಮುಚ್ಚುವುದು ಯಾವಾಗ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಪೆಟ್ರೋಲ್ ಬಂಕು ಮತ್ತು ಆಸ್ಪತ್ರೆ ಎಲ್ಲಿ, ಎಷ್ಟು ಹೊತ್ತಿಗೆ ಹಿಂದಿರುಗಿ ಹೊರಡಬೇಕು ಎಂಬುದನ್ನು ಅದರಲ್ಲಿ ಬರೆದಿರಲಿ. ಅದನ್ನು ಬಂದ ಮೇಲೆ ಗೋಡೆಯಲ್ಲಿ ತೋರಿಸಿದರೆ ಸಾಲದು. ಕೋಣೆ ಕಾದಿರಿಸುವಾಗಲೇ ಕಳುಹಿಸಬೇಕು. ಹೋಂಸ್ಟೇಗಳನ್ನು ನೋಂದಾಯಿಸುವ ಪ್ರವಾಸೋದ್ಯಮ ಇಲಾಖೆಯು ಇಂತಹ ಹಾಳೆಯನ್ನು ಒಂದು ನಿಬಂಧನೆಯಾಗಿ ಸೇರಿಸಿದರೆ ಯಾರಿಗೂ ಹೊರೆಯಾಗದು.

ಇಲಾಖೆಯನ್ನೇ ಕಾಯುತ್ತ ಕೂಡಬೇಕಾಗಿಯೂ ಇಲ್ಲ. ನಮ್ಮ ಕಾಲೇಜಿಗೆ ಜಿಲ್ಲೆಯ ಎಲ್ಲ ಕಡೆಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಯಾವ ತಿರುವಿನಲ್ಲಿ ಮಂಜು ಕವಿಯುತ್ತದೆ, ಯಾವ ಸೇತುವೆ ಮಳೆಗಾಲದಲ್ಲಿ ಮುಳುಗುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಎನ್.ಎಸ್.ಎಸ್. ಘಟಕದವರು ನಾಲ್ಕೈದು ತಂಡಗಳಾಗಿ ಭಾನುವಾರಗಳಲ್ಲಿ ಬಸ್ಸಿನಲ್ಲೂ ಜೀಪಿನಲ್ಲೂ ಓಡಾಡಿ, ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಹೊತ್ತನ್ನು ಗುರುತು ಮಾಡಿಕೊಂಡರೆ ಇಡೀ ಜಿಲ್ಲೆಗೆ ಉಪಯೋಗವಾಗುವ ಪಟ್ಟಿಯೊಂದು ಸಿದ್ಧವಾಗುತ್ತದೆ. ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಿ ಹೋಂಸ್ಟೇಗಳಿಗೆ ಹಂಚಬಹುದು. ಅಧ್ಯಾಪಕರು ಅನುಮತಿಯಿತ್ತರೆ ಮೊದಲ ಭಾನುವಾರ ಕೈಯಲ್ಲಿ ಗಡಿಯಾರ ಕಟ್ಟಿಕೊಂಡು ಭಾಗಮಂಡಲದ ಬಸ್ಸು ಹತ್ತಲು ನಾನು ಸಿದ್ಧನಿದ್ದೇನೆ.