ಓದದೇ ಹಾಕಿದ ಸಹಿ, ಊರಿಗೆ ಬಂದ ಬಾರು



ಹೋದ ತಿಂಗಳು ಜಯಸಿಂಗಪುರದ ನಮ್ಮ ಬ್ಯಾಂಕಿನ ಕೌಂಟರಿಗೆ ಬಚತ್ ಗಟದ ಒಬ್ಬ ಮಾವಶಿ ಬಂದಿದ್ದರು. ಇಲ್ಲೇ ಶಿರೋಳ ತಾಲೂಕಿನ ಹಳ್ಳಿಯವರು, ಮನೆಮಾತು ಕನ್ನಡ. ಪಾಸ್‌ಬುಕ್ ಎಂಟ್ರಿ ಮುಗಿದ ಮೇಲೆ ಚೀಲದೊಳಗಿಂದ ಒಂದು ಝೆರಾಕ್ಸ್ ತೆಗೆದರು. "ತಮ್ಮಾ, ಇದರಾಗ ಏನ ಬರದೈತಿ ಓದಿ ಹೇಳಪಾ. ನಾವು ಹದಿನೈದ ಮಂದಿ ಸಹಿ ಮಾಡೇವಿ" ಅಂದ್ರು.

ಕಾಗದ ಮರಾಠಿಯಲ್ಲಿತ್ತು. ಊರ ಹೊರಗಿನ ಗಟ್ ನಂಬರಿನಲ್ಲಿ ಆಗಲಿರುವ ಹಾಟೆಲಿನ 'ಪರವಾನಾ ಕಕ್ಷ'ಕ್ಕೆ ನಮ್ಮ ಹರಕತ್ ಇಲ್ಲ ಅಂತ ಅದರಲ್ಲಿ ಬರೆದಿತ್ತು.

"ಮಾವಶಿ, ಪರವಾನಾ ಕಕ್ಷ ಅಂದ್ರ ಪರಮಿಟ್ ರೂಮ್ ರೀ. ಬಾರು."

ಮಾವಶಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಊಟದ ಹಾಟೆಲ್ ಅಂದಿದ್ರಲ್ಲೋ ಯಪ್ಪಾ. ನಮ್ಮ ಮನಿಯವ್ರು ಕುಡಿಯೂದು ಬಿಟ್ಟು ಈಗ ಎರಡ ವರ್ಷ ಆತು" ಅಂದ್ರು.

ಆ ಮಾತು ನಮ್ಮನ್ನ ಬಿಡುತ್ತಿಲ್ಲ. ಅದಕ್ಕೇ ಈ ಬರಹ.

ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀವಿ. ನಾವು ದಾರೂಬಂದಿ ಚಳವಳಿಯವರಲ್ಲ. ಬಾರು ನಡೆಸೋದು ಕಾಯದೇಶೀರ್ ಧಂದೆ. ನಮ್ಮ ಗೆಳೆಯರಲ್ಲೇ ಪರಮಿಟ್ ರೂಮ್ ನಡೆಸೋರು ಇದ್ದಾರೆ, ಕಾಯದೆ ಪ್ರಕಾರ ಶುಲ್ಕ ತುಂಬಿ ಹತ್ತು ಮಂದಿಗೆ ಕೆಲಸ ಕೊಟ್ಟಿದ್ದಾರೆ. ಬೇಕು ಅನ್ನೋರಾಗಲಿ ಬೇಡ ಅನ್ನೋರಾಗಲಿ, ಸಹಿ ಮಾಡೋ ಕಾಗದ ಏನು ಅಂತ ತಿಳಿದು ಮಾಡ್ಬೇಕು. ನಮ್ಮ ವಾದ ಇಷ್ಟೇ.

ಮಹಾರಾಷ್ಟ್ರದಲ್ಲಿ ಈ ಲೈಸೆನ್ಸುಗಳೆಲ್ಲ 1949ರ ದಾರೂಬಂದಿ ಕಾಯದೆಯ ಕೆಳಗೇ ಬರುತ್ತವೆ. ಹೆಸರು ಬಂದಿ, ಒಳಗೆ ಪರವಾನಗಿ! ಕಾಯದೆ ಪ್ರಕಾರ ಕುಡಿಯೋನಿಗೂ ಪರ್ಮಿಟ್ ಬೇಕು. 'ಪರಮಿಟ್ ರೂಮ್' ಅನ್ನೋ ಹೆಸರು ಬಂದದ್ದೇ ಹಾಗೆ. ಬಾಟಲಿ ಮಾರೋ ವೈನ್ ಶಾಪಿಗೆ ಎಫ್‌ಎಲ್-2, ಕೂತು ಕುಡಿಯೋ ಪರಮಿಟ್ ರೂಮಿಗೆ ಎಫ್‌ಎಲ್-3, ಬೀರ್ ಶಾಪಿಗೆ ಎಫ್‌ಎಲ್/ಬಿಆರ್-2, ದೇಶಿ ದಾರೂಗೆ ಸಿಎಲ್-3. ಇವುಗಳಲ್ಲಿ ವೈನ್ ಶಾಪ್ ಮತ್ತು ದೇಶಿ ದಾರೂ ಅಂಗಡಿಗೆ ಹೊಸ ಲೈಸೆನ್ಸ್ ಕೊಡೋದನ್ನ ಸರಕಾರ 1970ರ ದಶಕದ ಮೊದಲಲ್ಲೇ ನಿಲ್ಲಿಸಿತು. ಆಚೆ ಕರ್ನಾಟಕದಲ್ಲೂ ಸಿಎಲ್-2, ಸಿಎಲ್-9 ಹೊಸದಾಗಿ ಕೊಡೋದು 1992ರಲ್ಲಿ ನಿಂತಿತು. ಹೊಸದು ಸಿಗದಿದ್ರೆ ಹಳೇದಕ್ಕೆ ಬಂಗಾರದ ಬೆಲೆ ಬರುತ್ತೆ, ಇದು ನಾವು ಬಿ.ಕಾಂ.ನಲ್ಲಿ ಓದಿದ ಮೊದಲ ಪಾಠ.

ಹೀಗಾಗಿ ಹೊಸದಾಗಿ ಧಂದೆ ಮಾಡೋರು ಹೆಚ್ಚಾಗಿ ಪರಮಿಟ್ ರೂಮ್ ಇಲ್ಲಾ ಬೀರ್ ಶಾಪಿ ಕಡೆ ಹೋಗ್ತಾರೆ. ಅರ್ಜಿ ರಾಜ್ಯ ಉತ್ಪಾದನಾ ಶುಲ್ಕ ಇಲಾಖೆಗೆ, ಮಂಜೂರಿ ಜಿಲ್ಲಾಧಿಕಾರಿಯಿಂದ. ಜಾಗದ ಉತಾರಾ, ಹಾಟೆಲಿನ ಪರವಾನಗಿ, ಪೊಲೀಸ್ ದಾಖಲಾ, ನಕಾಶೆ, ಎಲ್ಲಾ ಬೇಕು. ಶಾಲೆ, ಗುಡಿಯಿಂದ 75 ಮೀಟರ್ ದೂರ ಇರ್ಬೇಕು. ಹಳ್ಳಿಯಾದ್ರೆ ಗ್ರಾಮಸಭೆಯ ಠರಾವು ಕೇಳ್ತಾರೆ. ವರ್ಷದ ಶುಲ್ಕ ಊರಿನ ಜನಸಂಖ್ಯೆ ನೋಡಿ ಏರುತ್ತೆ. ಮಾರ್ಚ್ 31ರೊಳಗೆ ತುಂಬಿ ನವೀಕರಣ ಮಾಡಿಸ್ಬೇಕು. ಮಾರ್ಚ್ ಕೊನೆಗೆ ಬ್ಯಾಂಕಿನಾಗ ಕೂತ ನಮಗೆ ಆ ಓಡಾಟ ಚೆನ್ನಾಗಿ ಗೊತ್ತು.

ಈ ದಾರಿಯಲ್ಲಿ ಎಡವೋರಲ್ಲೂ ನಮ್ಮವರೇ ಬಹಳ. ನಮ್ಮ ಪರಿಚಯದ ಒಬ್ಬ ಹುಡುಗ, ಕನ್ನಡ ಶಾಲೆಯಲ್ಲಿ ಕಲಿತವನು, ಬೇರೆಯವರ ಲೈಸೆನ್ಸನ್ನು ಭಾಡಿಗೆಗೆ ತಗೊಂಡು ಧಂದೆ ಶುರು ಮಾಡಿದ. ಏಜೆಂಟ್ ಕೊಟ್ಟ ಮರಾಠಿ ಕರಾರುಪತ್ರವನ್ನ ಓದದೆ ಸಹಿ ಮಾಡಿದ್ದ. ಫರ್ನಿಚರ್, ಕಿಚನ್ ಎಲ್ಲಾ ಇವನ ರೊಕ್ಕ, ಲೈಸೆನ್ಸ್ ಮಾತ್ರ ಅವರ ಹೆಸರಲ್ಲಿ. ಸಾಲಕ್ಕಂತ ಬ್ಯಾಂಕಿಗೆ ಬಂದಾಗ ನಾವೇ ಹೇಳಬೇಕಾಯ್ತು, "ಕಾಗದದ ಮ್ಯಾಲ ಈ ಧಂದೆ ನಿಂದಲ್ಲೋ ತಮ್ಮಾ." ಎರಡನೇ ವರ್ಷ ಅವರು ಲೈಸೆನ್ಸ್ ವಾಪಸ್ ಕೇಳಿದ್ರು. ಅವನ ಅವ್ವನ ಬಂಗಾರ ಇನ್ನೂ ಬಿಡಿಸಿಕೊಂಡಿಲ್ಲ.

ಹುಡುಗನೂ ಮೋಸ ಹೋದ, ಮಾವಶಿಯೂ ಮೋಸ ಹೋದ್ರು. ಒಬ್ಬನಿಗೆ ಬಾರು ಬೇಕಿತ್ತು, ಇನ್ನೊಬ್ಬರಿಗೆ ಬೇಡ. ಇಬ್ಬರ ಕೈಯಲ್ಲೂ ಇದ್ದದ್ದು ಓದೋಕಾಗದ ಕಾಗದ.

ಈಗ ಕೆಲವರು ಕೇಳ್ತಾರೆ, "ಸಹಿ ಮಾಡಿದ್ರ ಏನಾತು? ಬ್ಯಾಡ ಆದ್ರ ಮುಂದ ಬಂದ್ ಮಾಡಿಸಿದ್ರಾತು." ಅಷ್ಟು ಸುಲಭ ಅಲ್ರಿ. ಲೆಕ್ಕ ಕೇಳಿ.

2008ರ ಆದೇಶದಂತೆ ಅಂಗಡಿ ಮುಚ್ಚಿಸೋಕೆ ಊರಿನ ಮಹಿಳಾ ಮತದಾರರಲ್ಲಿ ಶೇ. 25 ಮಂದಿ ಸಹಿ ಮಾಡಿ ಅರ್ಜಿ ಕೊಡ್ಬೇಕು. ಸಹಿಗಳ ತಪಾಸಣೆ ಆಗುತ್ತೆ. ಆಮೇಲೆ ಗುಪ್ತ ಮತದಾನ. ಚೀಟಿಯ ಮೇಲೆ ಎರಡು ಚಿತ್ರ: ನಿಂತ ಬಾಟಲಿ ಮತ್ತು ಅಡ್ಡ ಬಿದ್ದ ಬಾಟಲಿ. 'ಉಭಿ ಬಾಟಲಿ, ಆಡವಿ ಬಾಟಲಿ' ಅಂತ ಇಡೀ ಮಹಾರಾಷ್ಟ್ರಕ್ಕೆ ಗೊತ್ತಿರೋದು ಇದೇ. ಅಡ್ಡ ಬಾಟಲಿ ಗೆಲ್ಲಬೇಕಾದ್ರೆ ಬಂದು ಮತ ಹಾಕಿದವರಲ್ಲಿ ಅರ್ಧ ಸಾಲದು. ಯಾದಿಯಲ್ಲಿ ಹೆಸರಿರೋ ಒಟ್ಟು ಮಹಿಳೆಯರಲ್ಲಿ ಅರ್ಧ ದಾಟಬೇಕು.

ಒಂದು ಊರಲ್ಲಿ 1,200 ಮಹಿಳಾ ಮತದಾರರು ಅಂತ ಇಟ್ಟುಕೊಳ್ಳಿ. ಅರ್ಜಿಗೇ 300 ಸಹಿ ಬೇಕು. ಮತದಾನಕ್ಕೆ 800 ಮಂದಿ ಬಂದು, 580 ಮಂದಿ ಅಡ್ಡ ಬಾಟಲಿಗೆ ಒತ್ತಿದ್ರೂ ಸೋಲು! ಯಾಕಂದ್ರೆ 600 ದಾಟಲಿಲ್ಲ. ಇಚಲಕರಂಜಿಗೆ ಕೆಲಸಕ್ಕೆ ಹೋದವರು, ಕಬ್ಬು ಕಡಿಯೋಕೆ ಹೋದವರು, ಹೆರಿಗೆಗೆ ತವರಿಗೆ ಹೋದವರು, ಯಾದಿಯಲ್ಲಿ ಉಳಿದ ಸತ್ತವರ ಹೆಸರು, ಎಲ್ಲಾ ಬಾರಿನ ಪರವಾಗಿ ಮತ ಹಾಕಿದ ಹಾಗೇ ಲೆಕ್ಕ.

ಬಾರು ಬರೋವಾಗ ಝೆರಾಕ್ಸಿನ ಮೇಲೆ ಹದಿನೈದು ಸಹಿ, ಗ್ರಾಮಸಭೆಯಲ್ಲಿ ಕೈ ಎತ್ತಿದ್ರೆ ಸಾಕು. ಹೋಗೋವಾಗ ಇಡೀ ಊರು ಎದ್ದು ನಿಲ್ಲಬೇಕು. ಅದಕ್ಕೇ ಮೊದಲನೇ ಸಹಿಯೇ ದೊಡ್ಡದು.

ಮೇಲಿನವರು ನೋಡಿಕೊಳ್ತಾರೆ ಅನ್ನೋ ಭರವಸೆಯೂ ಬೇಡ. ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗಿನ ದಾರೂ ಅಂಗಡಿ ಬೇಡ ಅಂತು, 2017ರ ಏಪ್ರಿಲ್‌ನಿಂದ ಬೀಗ ಬಿತ್ತು. ಜುಲೈನಲ್ಲಿ ನಗರಗಳ ಹದ್ದಿನೊಳಗೆ ಆ ಬಂದಿ ಲಾಗೂ ಅಲ್ಲ ಅಂತ ಅದೇ ಕೋರ್ಟು ಹೇಳಿತು. ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ಬಂದ ದಾರೂಬಂದಿ 2021ರಲ್ಲಿ ಎದ್ದು ಹೋಯ್ತು. ಮೇಲಿನ ತೀರ್ಮಾನ ಹಿಂದೆ ಮುಂದೆ ಆಗ್ತಾನೇ ಇರುತ್ತೆ, ಊರಿನ ಕೈಯಲ್ಲಿರೋದು ಠರಾವು ಮತ್ತು ಮತ.

"ಮಹಾರಾಷ್ಟ್ರದಾಗ ಇದ್ದು ಮರಾಠಿ ಬರಲ್ವಾ?" ಅನ್ನೋರಿಗೂ ಉತ್ತರ ಹೇಳ್ತೀವಿ. ಬರುತ್ತೆ ರೀ. ಆ ಮಾವಶಿ ಜಯಸಿಂಗಪುರದ ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡ್ತಾರೆ. ಸಂತೆಯ ಮರಾಠಿ ಬೇರೆ, ಕಚೇರಿ ಮರಾಠಿ ಬೇರೆ. 'ಪರವಾನಾ ಕಕ್ಷ' ಅಂದ್ರೆ ಬಾರು ಅಂತ ಎಷ್ಟೋ ಮರಾಠಿ ಅಕ್ಕತಂಗಿಯರಿಗೂ ಗೊತ್ತಾಗೋದಿಲ್ಲ. 2022ರ ಕಾಯದೆಯಂತೆ ಅಂಗಡಿ ಬೋರ್ಡು ಮರಾಠಿಯಲ್ಲಿ ದೊಡ್ಡದಾಗಿ ಇರಲಿ, ದಾರೂ ಅಂಗಡಿಗೆ ಮಹಾಪುರುಷರ, ಕೋಟೆಗಳ ಹೆಸರು ಬೇಡ ಅನ್ನೋದೂ ಸರಿಯೇ. ನಮ್ಮ ತಕರಾರು ಮರಾಠಿ ಮೇಲಲ್ಲ.

ಸಂವಿಧಾನದ 350ನೇ ವಿಧಿ ನಮ್ಮ ಅಹವಾಲನ್ನ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದ್ರೂ ಕೊಡೋ ಹಕ್ಕು ಕೊಟ್ಟಿದೆ. ಅಲ್ಪಸಂಖ್ಯಾತ ಭಾಷಿಕರು ಶೇ. 15 ಅಥವಾ ಹೆಚ್ಚು ಇರೋ ಕಡೆ ಮುಖ್ಯ ನೋಟಿಸುಗಳು ಅವರ ಭಾಷೆಯಲ್ಲೂ ಬರಬೇಕು ಅನ್ನೋದು ದೇಶ ಒಪ್ಪಿದ ಸುರಕ್ಷಾ ಕ್ರಮಗಳಲ್ಲಿ ಒಂದು. ಊರಿನ ಹೆಂಗಸರ ಬಾಳ್ವೆಗೆ ತಟ್ಟೋ ದಾರೂ ಲೈಸೆನ್ಸಿನ ನೋಟಿಸು ಮುಖ್ಯ ಅಲ್ಲದಿದ್ರೆ ಮತ್ಯಾವುದು ಮುಖ್ಯ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟು:

1. ಕನ್ನಡಿಗರು ಹೆಚ್ಚಿರೋ ಊರುಗಳಲ್ಲಿ ಲೈಸೆನ್ಸ್ ಅರ್ಜಿಯ ನೋಟಿಸು ಮರಾಠಿ ಜೊತೆ ಕನ್ನಡದಲ್ಲೂ ಹಚ್ಚಬೇಕು.

2. ಗ್ರಾಮಸಭೆಯಲ್ಲಿ ಠರಾವು ಮಂಡಿಸೋ ಮುಂಚೆ ಕನ್ನಡದಲ್ಲಿ ಓದಿ ಹೇಳಬೇಕು. 'ಬಾರು' ಅನ್ನೋ ಪದವನ್ನೇ ಬಳಸಬೇಕು.

3. ಬಾಟಲಿ ಮತದಾನ ನಡೆದ್ರೆ ಅದರ ನಿಯಮ ಕನ್ನಡದಲ್ಲೂ ತಿಳಿಸಬೇಕು.

ಸರಕಾರ ಮಾಡೋತನಕ ನಾವು ಸುಮ್ಮನೆ ಕೂರೋದು ಬೇಡ. ಪ್ರತಿ ಊರಲ್ಲಿ ಎರಡೂ ಭಾಷೆ ಓದಬಲ್ಲ ಇಬ್ಬರು ಹುಡುಗ ಹುಡುಗಿಯರು ಸಾಕು. ಯಾರಾದ್ರೂ ಸಹಿ ಕೇಳೋಕೆ ಬಂದ್ರೆ, "ಝೆರಾಕ್ಸ್ ಇಟ್ಟು ಹೋಗ್ರಿ, ನಾಳೆ ಹೇಳ್ತೀವಿ" ಅನ್ನಿ. ಸರಿಯಾದ ಕಾಗದ ಒಂದು ದಿನ ಕಾಯುತ್ತೆ.

ಮಾವಶಿ ಮತ್ತು ಅವರ ಗಟದವರು ತಮ್ಮ ಸಹಿ ವಾಪಸ್ ತಗೊಳ್ಳೋ ಅರ್ಜಿ ಕೊಟ್ಟಿದ್ದಾರೆ. ಎರಡು ಭಾಷೆಯಲ್ಲಿ, ಒಂದೇ ಹಾಳೆಯ ಎರಡು ಬದಿ. ಬರೆದದ್ದು ನಾವು, ಓದಿ ಕೇಳಿಸಿಕೊಂಡು ಸಹಿ ಮಾಡಿದ್ದು ಅವರು. ಈ ಸಲ ಹದಿನೈದಲ್ಲ, ನಲವತ್ತೆರಡು ಸಹಿ. ಫಲ ಏನಾಗುತ್ತೋ ನೋಡೋಣ.

ನಿಮ್ಮ ಊರಲ್ಲೂ ಇಂಥ ಕಾಗದ ತಿರುಗಾಡುತ್ತಿದ್ರೆ ಸಹಿ ಮಾಡೋ ಮುಂಚೆ ನಮಗೊಂದು ಫೋಟೋ ಕಳಿಸ್ರಿ. ಓದಿ ಹೇಳ್ತೀವಿ.