ಬಿಡ್ತು ಅನ್ನು

"ಸತ್ತು ಹೋಗೋಣ ಅನ್ನಿಸ್ತಿದೆ" ಎಂದು ಮನೆಯಲ್ಲಿ ಯಾರಾದರೂ ಹೇಳಲಿ, ಅಡುಗೆಮನೆಯಿಂದ ಮೊದಲು ಬರುವ ಉತ್ತರ "ಬಿಡ್ತು ಅನ್ನು". ಸಂಜೆ ಹೊತ್ತಾಗಿದ್ದರೆ ಇನ್ನೊಂದು ಮಾತೂ ಸೇರುತ್ತದೆ: ಅಶ್ವಿನಿ ದೇವತೆಗಳು ಅಸ್ತು ಅಂದುಬಿಡುತ್ತಾರೆ. ಹೈದರಾಬಾದಿನ ತೆಲುಗು ಮನೆಗಳಲ್ಲಿ ಈ ಕೆಲಸ ತಥಾಸ್ತು ದೇವತೆಗಳದು. ಕಾಚಿಗುಡದ ಕನ್ನಡ ಮನೆಗಳಲ್ಲಿ ಎರಡೂ ಪಂಗಡದವರಿಗೆ ಡ್ಯೂಟಿ ಇರಬೇಕು. ಹೇಳಿದವರು ತಲೆತಗ್ಗಿಸಿ "ಬಿಡ್ತು" ಅನ್ನುತ್ತಾರೆ, ಕೇಳಿದವರಿಗೆ ಹಗುರವಾಗುತ್ತದೆ. ಯಾಕೆ ಹಾಗನ್ನಿಸಿತು ಎಂಬ ಪ್ರಶ್ನೆ ಏಳುವುದಿಲ್ಲ.

ಇದೇ ಮನೆಗಳು, ಇದೇ ಬೀದಿಗಳು, ಒಂದು ಸಾವು ನಡೆದ ಮರುದಿನ ಬೇರೆಯದೇ ಮಾತಾಡುತ್ತವೆ: "ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ?"

ನಮ್ಮ ಸಮಾಜ ಹೇಳುವ ಸುಳ್ಳುಗಳಲ್ಲಿ ಇಷ್ಟು ಸಲೀಸಾಗಿ ಓಡಾಡುವ ಸುಳ್ಳು ಇನ್ನೊಂದಿಲ್ಲ. ಹೇಳಲಿಲ್ಲ ಎಂಬ ತಪ್ಪನ್ನು ಸತ್ತವರ ತಲೆಗೆ ಕಟ್ಟಿ ಬದುಕಿರುವವರೆಲ್ಲ ಕೈತೊಳೆದುಕೊಳ್ಳುವ ಉಪಾಯ ಅದು. ಹೇಳಿದವರಿದ್ದಾರೆ. ಬರೆದು ಕೊಟ್ಟವರೂ ಇದ್ದಾರೆ.

ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದ ಪಿಎಚ್.ಡಿ. ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡದ್ದು 2016ರ ಜನವರಿ 17ರಂದು. ಆ ದಿನದ ಪತ್ರವನ್ನು ದೇಶವೆಲ್ಲ ಓದಿತು, ಅನೇಕ ಭಾಷೆಗಳಿಗೆ ಅನುವಾದವಾಯಿತು, ಅದರ ಗದ್ಯವನ್ನು ಜನ ಹೊಗಳಿದರು. ಅದಕ್ಕೂ ಒಂದು ತಿಂಗಳು ಮೊದಲು, 2015ರ ಡಿಸೆಂಬರ್ 18ರಂದು, ಅವರು ಕುಲಪತಿಗೆ ಬರೆದ ಇನ್ನೊಂದು ಪತ್ರವಿದೆ. ಅದನ್ನು ಓದಿದವರು ಕಡಿಮೆ. ಕಹಿ ವ್ಯಂಗ್ಯದ ಪತ್ರ ಅದು. ದಲಿತ ವಿದ್ಯಾರ್ಥಿಗಳನ್ನು ಹೀಗೆ ನಡೆಸಿಕೊಳ್ಳುವುದಾದರೆ ಪ್ರವೇಶದ ಹೊತ್ತಿನಲ್ಲೇ ಸಾಯುವ ವ್ಯವಸ್ಥೆಯನ್ನೂ ಮಾಡಿಕೊಡಿ ಎಂಬರ್ಥದ ಮಾತು ಅದರಲ್ಲಿತ್ತು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಸಹಿ ಇತ್ತು, ತಾರೀಖು ಇತ್ತು, ಯಾರಿಗೆ ಎಂಬುದೂ ಇತ್ತು. ಜನವರಿಯಲ್ಲಿ ಅವರೂ ಇತರ ನಾಲ್ವರೂ ಹಾಸ್ಟೆಲಿನಿಂದ ಹೊರಬಿದ್ದು ಕ್ಯಾಂಪಸ್ಸಿನ ಬಯಲಲ್ಲಿ ಟೆಂಟ್ ಹಾಕಿ ಮಲಗಿದರು. ಅದಕ್ಕೆ ವೆಲಿವಾಡ ಎಂದು ಹೆಸರಿಟ್ಟರು. ತೆಲುಗಿನಲ್ಲಿ ಅದು ಊರಾಚೆಯ ಕೇರಿ. ಏಳು ತಿಂಗಳ ಫೆಲೋಶಿಪ್, 1.75 ಲಕ್ಷ ರೂಪಾಯಿ, ಬರಬೇಕಿದೆ ಎಂದು ಕೊನೆಯ ಪತ್ರದಲ್ಲೂ ಲೆಕ್ಕ ಬರೆದಿದ್ದರು.

ಆಮೇಲೆ ಕೇಂದ್ರ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ರೂಪನ್‌ವಾಲ್ ಆಯೋಗ, ಇದಕ್ಕೆ ವಿಶ್ವವಿದ್ಯಾಲಯದ ಕ್ರಮ ಕಾರಣವಲ್ಲ, ಅವರ ಸ್ವಂತ ಹತಾಶೆ ಕಾರಣ ಎಂದಿತು. 2024ರ ಮೇ ತಿಂಗಳಲ್ಲಿ ತೆಲಂಗಾಣ ಪೊಲೀಸರ ಮುಕ್ತಾಯ ವರದಿ ಹೊರಬಂದಾಗಲೂ ದೊಡ್ಡ ಚರ್ಚೆ ನಡೆದದ್ದು ಅವರ ಜಾತಿ ಯಾವುದು ಎಂಬುದರ ಮೇಲೆ. ಪ್ರತಿಭಟನೆಯ ನಂತರ ಮುಂದಿನ ತನಿಖೆ ನಡೆಸುತ್ತೇವೆ ಎಂದರು. ಒಬ್ಬ ಮನುಷ್ಯನ ಸಾವಿಗೆ ಒಂದೇ ಕಾರಣ ಹುಡುಕುವುದು ತಪ್ಪು, ನಿಜ. ಆದರೆ "ವೈಯಕ್ತಿಕ" ಎಂಬ ಪದವನ್ನು ಹಾಕಿದ ಕೂಡಲೇ ಉಳಿದ ಕಾರಣಗಳ ಕಡತ ಮುಚ್ಚಿಹೋಗುತ್ತದೆ. ಸರ್ಕಾರಿ ಭಾಷೆಯ "ಬಿಡ್ತು ಅನ್ನು" ಅದು.

ಪತ್ರಿಕೆಗಳ ಭಾಷೆಯನ್ನು ನೋಡಿ. "ಹೊಟ್ಟೆನೋವು ತಾಳಲಾರದೆ" ಎಂಬ ಸುದ್ದಿಯನ್ನು ಓದದ ಕನ್ನಡಿಗರಿಲ್ಲ. ತೆಲುಗಿನಲ್ಲೂ ಅದೇ ಹೊಟ್ಟೆ, ಅದೇ ನೋವು: "ಕಡುಪುನೊಪ್ಪಿ ತಾಳಲೇಕ". ಎರಡು ರಾಜ್ಯಗಳ ಹೆಣ್ಣುಮಕ್ಕಳು ಇಷ್ಟೊಂದು ಸಂಖ್ಯೆಯಲ್ಲಿ ಹೊಟ್ಟೆನೋವಿಗೆ ಸಾಯುವುದಾಗಿದ್ದರೆ ವೈದ್ಯಲೋಕ ಎದ್ದು ಕೂರಬೇಕಿತ್ತು. ಯಾರೂ ಕೂರಲಿಲ್ಲ, ಏಕೆಂದರೆ ಅದರ ಅರ್ಥ ಎಲ್ಲರಿಗೂ ಗೊತ್ತು. ತವರಿನವರು ಒಪ್ಪಿದ್ದಾರೆ, ಪೊಲೀಸರು ಬರೆದುಕೊಂಡಿದ್ದಾರೆ, ಮುಂದೆ ಕೇಳಬೇಡಿ. "ಜೀವನದಲ್ಲಿ ಜಿಗುಪ್ಸೆಗೊಂಡು" ಎಂಬುದು ಗಂಡಸರಿಗೂ ಸಲ್ಲುವ ಇನ್ನೊಂದು ಮುಚ್ಚಳ. ತೆಲುಗು ಪತ್ರಿಕೆಗಳಲ್ಲಿ ಮಾತ್ರ "ಬಲವನ್ಮರಣ" ಎಂಬ ಪದ ಉಳಿದುಕೊಂಡಿದೆ. ಬಲವಂತದ ಮರಣ. ಬರೆಯುವವರು ಯೋಚಿಸಿ ಬರೆಯುತ್ತಾರೋ ಇಲ್ಲವೋ, ಯಾರ ಬಲವಂತ ಎಂದು ಕೇಳಲು ಅದರಲ್ಲಿ ಒಂದು ಸಂದಿಯಾದರೂ ಇದೆ. ನಮ್ಮ "ಹತ್ಯೆ"ಯಲ್ಲಿ ಸತ್ತವರೇ ಆರೋಪಿ.

ಮನೆಯೊಳಗೆ ಈ ಮಾತೆತ್ತಿದರೆ "ಇಲ್ಲದ ಯೋಚನೆ ತಲೆಗೆ ಹೊಕ್ಕೀತು" ಎಂದು ಹೆದರುವ ಸಮಾಜ, ಬೆಳಿಗ್ಗೆ ಕಾಫಿ ಜೊತೆ ಓದುವ ಪತ್ರಿಕೆಯಲ್ಲಿ ಯಾರು ಯಾವುದಕ್ಕೆ "ಶರಣು" ಎಂದು ವಿಧಾನವನ್ನೇ ತಲೆಬರಹ ಮಾಡಿ ಅಚ್ಚು ಹಾಕುತ್ತದೆ. ನಿಜ ಇದಕ್ಕೆ ಪೂರ್ತಿ ತಿರುಗುಮುರುಗು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅದು ಬರಿಯ ಮಿಥ್ಯೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿ ಸಾರಿ ಹೇಳಿದೆ. ಅಪಾಯವಿರುವುದು ವಿಧಾನ, ಸ್ಥಳ, ಚಿತ್ರಗಳನ್ನು ಎತ್ತಿ ತೋರಿಸುವ ವರದಿಗಳಲ್ಲಿ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ತಲೆಬರಹಗಳಿಗೆ ಅದು ಇನ್ನೂ ತಲುಪಿದಂತಿಲ್ಲ.

ಅದೇ 2019ರ ಏಪ್ರಿಲ್ 18ರಂದು ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶ ಬಂತು. ನಮ್ಮ ಪಿಯುಸಿ ಇದ್ದ ಹಾಗೆ. ಮುಂದಿನ ದಿನಗಳಲ್ಲಿ 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಮೂರು ಲಕ್ಷಕ್ಕೂ ಹೆಚ್ಚು ಮಂದಿ ಫೇಲಾಗಿದ್ದರು, ಮರುಪರಿಶೀಲನೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಪಾಸಾದರು. ಒಬ್ಬ ಹುಡುಗಿಗೆ ತೆಲುಗಿನಲ್ಲಿ ಸೊನ್ನೆ ಎಂದು ದಾಖಲಾಗಿತ್ತು, ನಿಜಕ್ಕೂ ಬಂದದ್ದು 99. ಅಂಕಪಟ್ಟಿಯ ಗೊಂದಲದ ಬಗ್ಗೆ ತಂದೆತಾಯಿಗಳು ಬೋರ್ಡ್ ಕಚೇರಿಯ ಮುಂದೆ ನಿಂತು ಕೂಗುತ್ತಿದ್ದಾಗ ಮಕ್ಕಳಿಗೆ ಸಿಕ್ಕ ಉಪದೇಶ, ಧೈರ್ಯವಾಗಿರಿ, ಪರೀಕ್ಷೆಯೇ ಬದುಕಲ್ಲ. ಎರಡು ವರ್ಷ ಕಾರ್ಪೊರೇಟ್ ಕಾಲೇಜಿನ ಹಾಸ್ಟೆಲಿನಲ್ಲಿ ಕೂಡಿಹಾಕಿ ಪರೀಕ್ಷೆಯೇ ಬದುಕು ಎಂದು ಕಲಿಸಿದವರೂ ಅದೇ ದೊಡ್ಡವರು.

ಮಾತಾಡದೆ ಇರಲು ಕಾನೂನಿನ ಭಯವೂ ಇತ್ತು, ಒಪ್ಪಬೇಕು. 1860ರ ದಂಡಸಂಹಿತೆಯ 309ನೇ ಕಲಮು ಪ್ರಯತ್ನಿಸಿ ಬದುಕುಳಿದವರಿಗೆ ಒಂದು ವರ್ಷದವರೆಗೆ ಸೆರೆ ಎಂದಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ತಿರುಗಿಸಿತು: ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಹಾಗೆ ಮಾಡುವುದನ್ನು ಮಾತ್ರ ಅಪರಾಧವಾಗಿ ಉಳಿಸಿಕೊಂಡಿದ್ದಾರೆ. ಹಾಗಾಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ "ಜಾರಿ ಬಿದ್ದ", "ತಪ್ಪಿ ಕುಡಿದ" ಎಂದು ಬರೆಸಲು ಕಾನೂನನ್ನು ನೆಪ ಮಾಡುವ ಕಾಲ ಮುಗಿದಿದೆ. ಉಳಿದಿರುವುದು ಮಾನದ ಭಯ. ತಂಗಿಯ ಮದುವೆ, ಓಣಿಯ ಬಾಯಿ. ಎರ್ರಗಡ್ಡ ಎಂಬ ಊರಿನ ಹೆಸರೇ ಹೈದರಾಬಾದಿನಲ್ಲಿ ಬೈಗುಳ, ಅಲ್ಲಿ ಮಾನಸಿಕ ಆಸ್ಪತ್ರೆ ಇದೆ ಎಂಬ ಒಂದೇ ಕಾರಣಕ್ಕೆ. ನಕ್ಕುಬಿಡುವ ಮೊದಲು, ಉತ್ತರ ಕರ್ನಾಟಕದಲ್ಲಿ "ಧಾರವಾಡಕ್ಕ ಕಳಸ್ಬೇಕು" ಎಂದರೆ ಏನರ್ಥ, ಬೆಂಗಳೂರಿನ ಹುಡುಗರು ನಿಮ್ಹಾನ್ಸ್ ಹೆಸರನ್ನು ಯಾವುದಕ್ಕೆ ಬಳಸುತ್ತಾರೆ ಎಂದು ನೆನೆಸಿಕೊಳ್ಳಿ.

ಈಗ ಕಾಲೇಜುಗಳ ಗೋಡೆಗಳ ಮೇಲೆ "ಮನಸ್ಸು ಬಿಚ್ಚಿ ಮಾತಾಡಿ" ಎಂಬ ಪೋಸ್ಟರು ಬಂದಿವೆ. ಅರ್ಧ ಕೆಲಸವದು, ಅದೂ ಸುಲಭದ ಅರ್ಧ. ಮಾತಾಡುವ ಭಾರವನ್ನು ಮತ್ತೆ ನೊಂದವರ ಮೇಲೇ ಹೊರಿಸುತ್ತದೆ. ಕೇಳಿ ಎಂದು ವಾರ್ಡನ್ನಿಗೆ, ಗೈಡಿಗೆ, ಅಪ್ಪನಿಗೆ ಹೇಳುವ ಪೋಸ್ಟರು ಎಲ್ಲಿ? ಸಿಕಂದರಾಬಾದಿನಲ್ಲಿ ರೋಶ್ನಿ ಎಂಬ ಸಂಸ್ಥೆಯ ಸ್ವಯಂಸೇವಕರು 1997ರಿಂದ ಫೋನಿನಲ್ಲಿ ಇದನ್ನೇ ಮಾಡುತ್ತಿದ್ದಾರೆ, ಕೇಳುವುದನ್ನು. ಉಪದೇಶವಿಲ್ಲದೆ ಕೇಳಲು ತರಬೇತಿ ಬೇಕಾಗುತ್ತದೆ ಎಂಬುದೇ ನಮ್ಮ ಮನೆಗಳ ಸ್ಥಿತಿಯನ್ನು ಹೇಳುತ್ತದೆ.

ಹಾಗಂತ ತರಬೇತಿ ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಸಲ ಯಾರಾದರೂ ಆ ಮಾತಾಡಿದಾಗ "ಬಿಡ್ತು ಅನ್ನು" ಎನ್ನುವ ಬದಲು "ನಿಜವಾಗ್ಲೂ ಸಾಯಬೇಕು ಅನ್ನಿಸ್ತಿದೆಯಾ? ಎಷ್ಟು ದಿನದಿಂದ?" ಎಂದು ಕೇಳಬಹುದು. ಉತ್ತರ ಹೌದು ಎಂದಾದರೆ ಅವರನ್ನು ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕೂತು, ಅಲ್ಲಿಂದಲೇ 14416ಕ್ಕೆ ಫೋನ್ ಮಾಡಬಹುದು. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ, ರಾತ್ರಿ ಹಗಲು ತೆರೆದಿರುತ್ತದೆ. ತೆಲುಗಿನಲ್ಲೂ ಮಾತಾಡಬಹುದು, ಕನ್ನಡದಲ್ಲೂ ಮಾತಾಡಬಹುದು.